ನಲವತ್ತೈದರ ಮನೆಯಲ್ಲಿ ಒಂದು ಒಂಬತ್ತು

ಹಾರ್ಲನ್ ಪ್ರೂಯಿಟ್ ತನ್ನ ಪಿಸ್ತೂಲಿನ ತೋಟಾವನ್ನು ಬೈದಷ್ಟು ತನ್ನ ಶತ್ರುಗಳನ್ನೂ ಬೈದವನಲ್ಲ. ಹಾಗೆಂದು ಆ ಬೈಯುವ ಹಕ್ಕನ್ನು ಬೇರೆ ಯಾರಿಗಾದರೂ ಬಿಟ್ಟುಕೊಟ್ಟವನೂ ಅಲ್ಲ.

ಕೆಂಟಕಿಯ ಗುಡ್ಡಗಳ ನಡುವಿನ ಬ್ರಷ್ ಕ್ರೀಕ್ ಊರಿನಲ್ಲಿ ಆ ತೋಟಾಕ್ಕೆ ‘ನಲವತ್ತೈದು’ ಎಂದಷ್ಟೇ ಹೆಸರು. ಕಿರುಬೆರಳಿನಷ್ಟು ದಪ್ಪ, ಹಿರಿಯರ ನಡಿಗೆಯ ನಿಧಾನ, ಹೇಸರಗತ್ತೆಯ ಒದೆತ. ಅಜ್ಜಂದಿರ ಯುದ್ಧಗಳನ್ನು ಕಂಡು ಬಂದದ್ದೆಂಬ ಗೌರವ ಒಂದು ಕಡೆ. ಒಂದು ಪೆಟ್ಟಿಗೆ ಕೊಳ್ಳಬೇಕಾದರೆ ಜೇಬು ತಡವಿಕೊಳ್ಳಬೇಕಾದ ಸಂಕಟ ಇನ್ನೊಂದು ಕಡೆ. ಪಿಸ್ತೂಲಿನ ಹೊಟ್ಟೆಗೆ ಏಳಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಒಂದು ಮಧ್ಯಾಹ್ನ ಹಾರಿಸಿದರೆ ಮಣಿಕಟ್ಟು ಊದಿಕೊಂಡು, ಮರುದಿನ ಕಾಫಿ ಲೋಟ ಎತ್ತುವುದಕ್ಕೂ ಎಡಗೈಯ ದಯೆ ಬೇಡಬೇಕು. ಇಷ್ಟನ್ನೂ ಹಾರ್ಲನ್ ಅಡುಗೆಮನೆಯಲ್ಲಿ ಹೆಂಡತಿ ವಿಲ್ಮಾಳ ಎದುರು ಒಂದಕ್ಷರ ಬಿಡದೆ ಪಠಿಸುತ್ತಿದ್ದ. ಇದರ ಕಾಲು ಭಾಗವನ್ನು ಮೇವಿಸ್ ಕೂಂಬ್ಸಳ ಅಂಗಡಿಯಲ್ಲಿ ಬೇರೆ ಯಾರಾದರೂ ಹೇಳಿದರೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಲ್ಲುತ್ತಿದ್ದ.

“ಒದೆಯುತ್ತೆ ಅನ್ನೋನು ಹೋಗಿ ಒಂಬತ್ತು ಇಟ್ಕೊಳ್ಳಲಿ,” ಎನ್ನುತ್ತಿದ್ದ. “ಅದು ಗುಂಡಲ್ಲ, ಗುಂಡಿನ ಮೊಮ್ಮಗಳು.”

ಒಂಬತ್ತು ಎಂದರೆ ಇನ್ನೊಂದು ತೋಟಾ. ತೆಳು, ಅಗ್ಗ, ಮೃದು. ಪಿಸ್ತೂಲಿನೊಳಗೆ ನಲವತ್ತೈದರ ಎರಡರಷ್ಟು ಹಿಡಿಯುತ್ತದೆ. ಊರಿನ ಬಂದೂಕು ಸಂಘದ ಅರ್ಧಕ್ಕರ್ಧ ಜನ ಆಗಲೇ ಒಂಬತ್ತಿಗೆ ‘ಹೋಗಿ’ಬಿಟ್ಟಿದ್ದರು. ಹೋಗುವುದು ಎಂಬ ಮಾತನ್ನೇ ಅಲ್ಲಿ ಬಳಸುವುದು. ಮತ ಬದಲಿಸಿದವರಿಗೂ ಮನೆ ಬಿಟ್ಟು ಓಡಿದವರಿಗೂ ಬಳಸುವ ಹಾಗೆ. ಹಾರ್ಲನ್ ಹೋಗಲಿಲ್ಲ. ಸಂಘದಲ್ಲಿ ಅವನಿಗೆ ಇದ್ದ ಸ್ಥಾನವೆಂದರೆ ಅದೊಂದೇ: ಹೋಗದವನು.

ಅವನ ಪಿಸ್ತೂಲು ಅಪ್ಪನಿಂದ ಬಂದದ್ದು. ಪ್ರತಿ ಶನಿವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಅದನ್ನು ಬಿಚ್ಚಿ, ಮೆತ್ತನೆಯ ಫ್ಲಾನೆಲ್ ಬಟ್ಟೆಯೊಂದರಿಂದ ಎಣ್ಣೆ ಹಚ್ಚಿ, ತನ್ನಷ್ಟಕ್ಕೆ ಏನೋ ಗೊಣಗುತ್ತ ಒರೆಸುತ್ತಿದ್ದ. ಆ ಬಟ್ಟೆ ಬೇರೆ ಯಾವ ಕೆಲಸಕ್ಕೂ ಇಲ್ಲ; ಸದಾ ಅವನ ಪ್ಯಾಂಟಿನ ಹಿಂಜೇಬಿನಲ್ಲೇ ಇರುತ್ತಿತ್ತು. ವಿಲ್ಮಾ ಒಲೆಯ ಬಳಿ ಅವರೆಬೀಜ ಬೇಯಿಸುತ್ತ ಬೆನ್ನು ತಿರುಗಿಸಿ ನಿಂತಿರುತ್ತಿದ್ದಳು. ಅವಳ ಬಲಗೈಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅಕ್ಕಿಕಾಳಿನಷ್ಟು ಬಿಳಿಯ ಗಾಯದ ಗುರುತಿತ್ತು. ಮದುವೆಯಾದ ವರ್ಷ ಆ ಪಿಸ್ತೂಲನ್ನು ಒಂದೇ ಒಂದು ಸಲ ಹಾರಿಸಿದಾಗ ಅದರ ಹಿಂಬದಿಯ ಸುತ್ತಿಗೆ, ಗುಂಡು ಸಿಡಿಸುವ ಪುಟ್ಟ ಕೊಕ್ಕೆ, ಹಿಂದಕ್ಕೆ ಬಂದು ಚರ್ಮವನ್ನು ಕಚ್ಚಿತ್ತು. ಹಳೆಯ ಮಾದರಿಗಳು ಕಚ್ಚುತ್ತವೆ. ಅದನ್ನು ಹಾರ್ಲನ್ ತುಂಬ ಹೆಮ್ಮೆಯಿಂದ ಹೇಳುತ್ತಿದ್ದ, ಹೆಂಡತಿಯ ಕೈಯನ್ನು ಸಾಕ್ಷಿಯಾಗಿ ತೋರಿಸುತ್ತ.

ಹೀಗಿದ್ದ ಮನೆಯಲ್ಲಿ ಒಂದು ಮಂಗಳವಾರ, ಹಿಂಬದಿಯ ವರಾಂಡದ ಬಟ್ಟೆ ಒಣಗಿಸುವ ಯಂತ್ರ ಟಣ್ ಟಣ್ ಎಂದಿತು.

ಅದರಲ್ಲಿ ವಿಶೇಷವೇನೂ ಇರಲಿಲ್ಲ. ಪಿಸ್ತೂಲು ಹಾರಿಸಿದಾಗ ಖಾಲಿ ತೋಟಾ ಪಕ್ಕಕ್ಕೆ ಎಗರುತ್ತದೆ. ಹಾರಿಸುವವನ ಕಾಲರಿಗೋ ಜೇಬಿಗೋ ಪಕ್ಕದಲ್ಲಿ ನಿಂತವನ ಮಡಿಚಿದ ತೋಳಿಗೋ ಹೊಕ್ಕು ಮನೆಗೆ ಬರುತ್ತದೆ. ಕಿಟಕಿಯ ಮೇಲೆ ಅಂಥವನ್ನು ಹಾಕಿಡಲೆಂದೇ ವಿಲ್ಮಾ ಉಪ್ಪಿನಕಾಯಿಯ ಗಾಜಿನ ಜಾಡಿ ಇಟ್ಟಿದ್ದಳು. ಹಾರ್ಲನ್ ಯಂತ್ರದ ಬಾಗಿಲು ತೆಗೆದು, ಕೈಯಾಡಿಸಿ, ಸಿಕ್ಕಿದ್ದನ್ನು ನೋಡದೆಯೇ ಜಾಡಿಗೆ ಹಾಕಲು ಹೋದ. ಬೆರಳುಗಳು ತಡೆದವು. ಅದು ತೆಳ್ಳಗಿತ್ತು.

ಒಂಬತ್ತು.

ಅವನು ಮತ್ತೆ ಯಂತ್ರದೊಳಗೆ ನೋಡಿದ. ಅದರಲ್ಲಿ ತನ್ನದೊಂದು ಕಾಲುಚೀಲವೂ ಇರಲಿಲ್ಲ. ಇದ್ದದ್ದು ವಿಲ್ಮಾಳ ನೀಲಿ ಸ್ವೆಟರು, ವಿಲ್ಮಾಳ ಎರಡು ಅಂಗಿ, ವಿಲ್ಮಾಳ ಏಪ್ರನ್ನು.

ಬೇರೆ ಊರಿನ ಗಂಡಂದಿರು ಇಂಥ ಸಂದರ್ಭದಲ್ಲಿ ಪರಿಮಳವನ್ನು ಮೂಸುತ್ತಾರೆ, ಕೂದಲೆಳೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಹಾರ್ಲನ್ ಭೂತಗನ್ನಡಿ ತಂದ. ಖಾಲಿ ತೋಟಾದ ತಳದಲ್ಲಿ, ಪಿಸ್ತೂಲಿನ ಸೂಜಿ ಚುಚ್ಚಿದ ಕಡೆ, ಒಂದು ಗುಳಿ ಬಿದ್ದಿರುತ್ತದೆ. ಒಳ್ಳೆಯ ಪಿಸ್ತೂಲುಗಳದು ನಡುಮಧ್ಯೆ, ದುಂಡಗೆ. ಇದು ಮಧ್ಯೆ ಇರಲಿಲ್ಲ, ದುಂಡಗೂ ಇರಲಿಲ್ಲ. ಒಂದು ಬದಿಗೆ ಸರಿದು, ಸಣ್ಣ ಬಾಲ ಬಿಟ್ಟುಕೊಂಡು, ಥೇಟ್ ಗೊದಮೊಟ್ಟೆಯ ಹಾಗಿತ್ತು.

ಸಂಘದಲ್ಲಿ ಗೊದಮೊಟ್ಟೆ ಬೀಳಿಸುವ ಪಿಸ್ತೂಲು ಯಾರದೆಂದು ಹಾರ್ಲನ್‌ಗೆ ಮಸುಕಾಗಿ ನೆನಪಿತ್ತು. ಪಕ್ಕದ ಮನೆಯ ರಾಯ್ಸ್ ಟಕೆಟ್.

ರಾಯ್ಸ್ ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಒಂಬತ್ತಿಗೆ ಮೊದಲು ಹೋದವರಲ್ಲಿ ಒಬ್ಬ. ಅವನ ಟೊಮೆಟೊ ಹಾರ್ಲನ್‌ನ ಟೊಮೆಟೊಗಿಂತ ಬೇಗ ಕೆಂಪಾಗುತ್ತಿತ್ತು. ಅವನ ಮಣಿಕಟ್ಟು ನೋಯುತ್ತಿರಲಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಅವನ ತಲೆಯಲ್ಲಿ ಕೂದಲಿತ್ತು.

ಸಂಜೆ ವಿಲ್ಮಾ ಮನೆಗೆ ಬಂದಾಗ ಹಾರ್ಲನ್ ಮೇಜಿನ ಮುಂದೆ ಕೈಕಟ್ಟಿ ಕೂತಿದ್ದ.

“ಎಲ್ಲಿ ಹೋಗಿದ್ದೆ?”

“ಮಂಗಳವಾರ ಎಲ್ಲಿಗೆ ಹೋಗ್ತೀನಿ? ಚರ್ಚಿಗೆ. ಹೊದಿಕೆ ಹೊಲಿಯೋಕೆ.”

“ಯಾವ ಬಣ್ಣ ಹೊಲಿದ್ರಿ?”

ವಿಲ್ಮಾ ಚೀಲವನ್ನು ಕೆಳಗಿಟ್ಟು ಅವನನ್ನು ನೋಡಿದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹೊದಿಕೆಯ ಬಣ್ಣ ಕೇಳಿದ್ದು ಅದೇ ಮೊದಲು.

“ನೀಲಿ.”

“ಹೋದ ವಾರಾನೂ ನೀಲಿ ಅಂದಿದ್ದೆ.”

“ದೊಡ್ಡ ಹೊದಿಕೆ ಕಣೋ.”

“ಆ್ಯಪಲ್ ಕೇಕು ಅರ್ಧ ಇಲ್ಲ.”

“ರಾಯ್ಸ್‌ಗೆ ಕೊಟ್ಟೆ. ಪಾಪ, ಒಬ್ನೇ ಇದಾನೆ.”

ಆ ‘ಪಾಪ’ ಹಾರ್ಲನ್‌ನ ಎದೆಯಲ್ಲಿ ಇಳಿದು ಅಲ್ಲೇ ಕೂತಿತು. ತನ್ನ ಮಣಿಕಟ್ಟು ಊದಿಕೊಂಡಾಗ ಈ ಹೆಂಗಸಿನ ಬಾಯಿಂದ ಯಾವತ್ತೂ ಒಂದು ಪಾಪ ಹೊರಟಿರಲಿಲ್ಲ. ‘ಬಕೆಟ್ಟಲ್ಲಿ ಬಿಸಿನೀರಿದೆ’ ಎಂಬುದರ ಆಚೆ ಅವಳ ಕರುಣೆ ದಾಟಿದ್ದಿಲ್ಲ.

ಸಾಕ್ಷ್ಯ ಬಲವಾಗಬೇಕು ಎಂದು ಅವನು ನಿರ್ಧರಿಸಿದ. ಬುಧವಾರ ಬೆಳಿಗ್ಗೆ, ಯಾರೂ ಇರುವುದಿಲ್ಲವೆಂದುಕೊಂಡು, ಸಂಘದ ಮೈದಾನಕ್ಕೆ ಹೋದ.

ಇಲ್ಲಿ ಆ ಜನರ ಒಂದು ನಡವಳಿಕೆಯನ್ನು ಹೇಳಬೇಕು. ಬ್ರಷ್ ಕ್ರೀಕಿನಲ್ಲಿ ಯಾರೂ ಖಾಲಿ ತೋಟಾಗಳನ್ನು ಎಸೆಯುವುದಿಲ್ಲ. ಮನೆಯಲ್ಲಿ ಮದ್ದು ತುಂಬಿ, ಹೊಸ ಗುಂಡು ಕೂರಿಸಿ, ಮತ್ತೆ ಹಾರಿಸುತ್ತಾರೆ. ಆದ್ದರಿಂದ ಹಾರಿಸಿ ಮುಗಿದ ಮೇಲೆ ಎಲ್ಲರೂ ಬಗ್ಗಿ ತಮ್ಮ ತಮ್ಮ ಗಾತ್ರದ ಹಿತ್ತಾಳೆಯ ತೋಟಾಗಳನ್ನು ಹೆಕ್ಕಿಕೊಳ್ಳುತ್ತಾರೆ. ನಲವತ್ತೈದಿನವನು ನಲವತ್ತೈದನ್ನು, ಒಂಬತ್ತಿನವನು ಒಂಬತ್ತನ್ನು. ಬೇರೆ ಗಾತ್ರದ್ದು ಕಾಲಿಗೆ ತಾಕಿದರೂ ಯಾರೂ ಮುಟ್ಟುವುದಿಲ್ಲ. ಅದರಿಂದ ಅವರಿಗೆ ಉಪಯೋಗವಿಲ್ಲ. ಹೀಗಾಗಿ ಅಲ್ಲಿ ಒಬ್ಬ ಮನುಷ್ಯ ಎಂಥವನು ಎಂಬುದು ಅವನ ಬಾಯಿಂದ ಬರುವ ಮಾತಿಗಿಂತ ಅವನು ನೆಲದಿಂದ ಹೆಕ್ಕುವ ವಸ್ತುವಿನಿಂದ ಖಚಿತವಾಗಿ ತಿಳಿಯುತ್ತದೆ.

ಹಾರ್ಲನ್ ರಾಯ್ಸ್ ಸಾಮಾನ್ಯವಾಗಿ ನಿಲ್ಲುತ್ತಿದ್ದ ಜಾಗದಲ್ಲಿ ಮಂಡಿಯೂರಿ, ಹುಲ್ಲು ಸರಿಸಿ, ಹೆಕ್ಕುವವರ ಕಣ್ಣಿಗೆ ತಪ್ಪಿ ಉಳಿದಿದ್ದ ಒಂದೊಂದೇ ಒಂಬತ್ತನ್ನು ಎತ್ತಿ ಭೂತಗನ್ನಡಿಯಲ್ಲಿ ನೋಡಿ ಟೋಪಿಗೆ ಹಾಕಿಕೊಳ್ಳುತ್ತಿದ್ದ. ಗೊದಮೊಟ್ಟೆ. ಮತ್ತೊಂದು ಗೊದಮೊಟ್ಟೆ. ಇಡೀ ಕೊಳವೇ ಅಲ್ಲಿತ್ತು. ಪ್ರತಿಯೊಂದಕ್ಕೂ ಅವನು ಯಾತನೆಯಿಂದ “ಹೂಂ” ಎನ್ನುತ್ತಿದ್ದ.

“ಭಾವ?”

ಹಿಂದೆ ನಿಂತಿದ್ದವನು ಡಾರೆಲ್. ವಿಲ್ಮಾಳ ತಮ್ಮ, ಸಂಘದ ಮೈದಾನದ ಅಧಿಕಾರಿ. ಕೆಂಪು ಟೋಪಿ ಹಾಕಿಕೊಂಡ ಮೇಲೆ ಅವನ ಮಾತಿಗೆ ನ್ಯಾಯಾಧೀಶರೂ ಎದುರಾಡುವಂತಿರಲಿಲ್ಲ. ಅವನ ಕಣ್ಣು ಭಾವನ ಮುಖದಿಂದ ಟೋಪಿಗಿಳಿಯಿತು. ಟೋಪಿಯ ತುಂಬ ಒಂಬತ್ತು.

“ಏನೋ ಕಳ್ಕೊಂಡಿದೀನಿ,” ಎಂದ ಹಾರ್ಲನ್.

“ಗೊತ್ತಾಗುತ್ತೆ ಭಾವ,” ಎಂದ ಡಾರೆಲ್, ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ. “ನಾನೇನೂ ನೋಡ್ಲಿಲ್ಲ. ಮುಂದುವರಿಸು.”

ಅವನು ಎಷ್ಟು ನೋಡಲಿಲ್ಲವೆಂದರೆ, ಹಾರ್ಲನ್ ಮಧ್ಯಾಹ್ನ ಮೇವಿಸ್‌ಳ ಅಂಗಡಿಗೆ ಕಾಲಿಡುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಮೇವಿಸ್ ಮೀನಿನ ಗಾಳ, ಎರೆಹುಳು, ತೋಟಾ ಮತ್ತು ಕಾಫಿ ಮಾರುವ ಹೆಂಗಸು. ಆ ಅಂಗಡಿಯಲ್ಲಿ ಮಧ್ಯಾಹ್ನದ ವಾದ ನಲವತ್ತು ವರ್ಷದಿಂದ ನಿಂತಿರಲಿಲ್ಲ. ಅಂದು ಹಾರ್ಲನ್ ಒಳಗೆ ಬಂದೊಡನೆ ನಿಂತಿತು. ಎದುರು ಪಕ್ಷದವರು, ದಿನಾ ಅವನನ್ನು ಕೆಣಕುತ್ತಿದ್ದವರು, ಎದ್ದು ಕುರ್ಚಿ ಬಿಟ್ಟುಕೊಟ್ಟರು. ನಲವತ್ತೈದಿನ ಹಳಬನೊಬ್ಬ ಕಿಟಕಿಯಾಚೆ ನೋಡುತ್ತ ಮೂಗು ಒರೆಸಿಕೊಂಡ.

“ಕಾಫಿ ನನ್ನ ಲೆಕ್ಕ,” ಎಂದಳು ಮೇವಿಸ್.

“ಯಾಕೆ?”

“ಯಾಕೂ ಇಲ್ಲ ಹಾರ್ಲನ್. ಮನುಷ್ಯನಿಗೆ ಕಷ್ಟ ಬರುತ್ತೆ. ನಾವೆಲ್ಲ ಇದೀವಿ.”

“ನಿನಗೂ ಗೊತ್ತಾಯ್ತಾ?”

“ಇದು ಸಣ್ಣ ಊರು.” ಅವಳು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಏನನ್ನೋ ಕಂದು ಕಾಗದದಲ್ಲಿ ಸುತ್ತಿ, ಯಾರಿಗೂ ಕಾಣದಂತೆ ಅವನ ಕೈಗೆ ತುರುಕಿದಳು. “ಮನೆಗೆ ಹೋಗಿ ಬಿಚ್ಚು. ಯಾರೂ ಏನೂ ಅಂದ್ಕೊಳಲ್ಲ.”

ಮನೆಗೆ ಹೋಗಿ ಬಿಚ್ಚಿದ. ಒಂಬತ್ತರ ಒಂದು ಪೆಟ್ಟಿಗೆ.

ಹಾರ್ಲನ್ ಅದನ್ನು ಅಂಗೈಯಲ್ಲಿ ತೂಗಿ ನೋಡಿದ. ಹೆಂಡತಿಯನ್ನು ಕಳೆದುಕೊಳ್ಳುತ್ತಿರುವವನಿಗೆ ಆ ಪ್ರತಿಸ್ಪರ್ಧಿಯ ತೋಟಾವನ್ನೇ ಉಡುಗೊರೆ ಕೊಡುವ ಅಂಗಡಿಯವಳ ಕ್ರೌರ್ಯವನ್ನು ಅಡುಗೆಮನೆಯ ಗೋಡೆಗೆ ಕೇಳುವಂತೆ ಬೈದ. ಹಾಗೆಂದು ಪೆಟ್ಟಿಗೆಯನ್ನು ಎಸೆಯಲೂ ಇಲ್ಲ. ಎಷ್ಟು ಹಗುರ, ಎಂದುಕೊಂಡ. ಆಮೇಲೆ ಹಾಗೆ ಅಂದುಕೊಂಡಿದ್ದಕ್ಕೆ ಕೋಪ ಬಂದು ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟ.

ಗುರುವಾರ ಬೆಳಿಗ್ಗೆ ಬ್ರದರ್ ಎಲ್ಬರ್ಟ್ ಬಂದರು. ಅವರು ಚರ್ಚಿನ ಪಾದ್ರಿ. ಕೈಯಲ್ಲಿ ಹುರುಳಿಕಾಯಿಯ ಕ್ಯಾಸರೋಲ್, ಅಂದರೆ ತಟ್ಟೆಯಲ್ಲೇ ಬೇಯಿಸಿದ ಪಲ್ಯ, ಇತ್ತು, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಆ ಊರಿನಲ್ಲಿ ಆ ಭಕ್ಷ್ಯವನ್ನು ಕಳಿಸುವುದು ಸಾವಾದ ಮನೆಗೆ. ಅದನ್ನು ಕಂಡೊಡನೆ ಹಾರ್ಲನ್ ತಲೆಯ ಮೇಲಿನ ಟೋಪಿ ತೆಗೆದ.

“ಕೂತ್ಕೋ, ಹಾರ್ಲನ್. ಊರಿಗೆಲ್ಲ ಗೊತ್ತಾಗಿದೆ. ಮುಚ್ಚಿಡಬೇಡ.”

“ಊರಿಗೆಲ್ಲಾನಾ, ಬ್ರದರ್?”

“ಡಾರೆಲ್ ಕಣ್ಣಾರೆ ಕಂಡಿದಾನೆ.”

“ಕಂಡೂ ಸುಮ್ನಿದಾನಾ? ಸ್ವಂತ ತಮ್ಮ?”

“ಪಾಪ, ಅವನೇನು ಮಾಡ್ತಾನೆ? ವಯಸ್ಸಾದ ಮೇಲೆ ಇದು ಆಗೋದೇ ಕಣಪ್ಪ. ಎಷ್ಟು ವರ್ಷ ಅಂತ ಆ ಒದೆತ ತಡ್ಕೊಳೋದು? ಮೆತ್ತಗಿರೋದು ಸಿಕ್ಕಿದ್ರೆ ಮನಸ್ಸು ಆ ಕಡೆ ಹೋಗುತ್ತೆ.”

“ಬ್ರದರ್, ನಾನು ಒಂದು ದಿನಾನೂ ಕೈ ಎತ್ತಿದವನಲ್ಲ.”

“ನೀನು ಸಹಿಸ್ಕೊಂಡೆ. ಅದೇ ದೊಡ್ಡದು.” ಪಾದ್ರಿಗಳು ಕುರ್ಚಿಯನ್ನು ಹತ್ತಿರಕ್ಕೆಳೆದು ದನಿ ತಗ್ಗಿಸಿದರು. “ನಿನ್ನ ಹತ್ರ ಹೇಳ್ತೀನಿ. ನಾನೂ ಒಂದು ಕಾಲದಲ್ಲಿ ನಿನ್ನ ಹಾಗೇ ಹಟ ಹಿಡಿದಿದ್ದೆ. ಆಮೇಲೆ ಹೋದೆ. ಮೊದಲ ಸಲ ರಾಯ್ಸ್ ಹತ್ರಾನೇ.”

ಹಾರ್ಲನ್ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

“ನನ್ನ ಹೆಂಡತೀನೂ,” ಎಂದರು ಪಾದ್ರಿಗಳು ತೃಪ್ತಿಯಿಂದ. “ಈಗ ಇಬ್ರೂ ನೆಮ್ಮದಿಯಾಗಿದೀವಿ. ಹಳೇದನ್ನ ಬಿಡಬೇಕು ಅಂತ ಏನಿಲ್ಲ. ಎರಡನ್ನೂ ಒಂದೇ ಮನೇಲಿ ಇಟ್ಕೊ. ಹೊಂದ್ಕೊಂಡು ಹೋಗುತ್ವೆ.”

“ಒಂದೇ ಮನೇಲಿ? ರಾಯ್ಸ್‌ದನ್ನ ನಾನು ಮನೇಲಿ ಇಟ್ಕೋಬೇಕಾ?”

“ರಾಯ್ಸ್‌ದು ಯಾಕೆ? ಮೇವಿಸ್ ಹತ್ರ ಹೊಸದೇ ಸಿಗುತ್ತೆ.”

ಹಾರ್ಲನ್ ಎದ್ದು ಬಾಗಿಲು ತೆರೆದು ಹಿಡಿದ. ಬ್ರದರ್ ಎಲ್ಬರ್ಟ್ ಅವನ ಭುಜ ತಟ್ಟಿ, ಈ ಆಘಾತ ಇಳಿಯಲು ಸಮಯ ಬೇಕೆಂದು ಅರ್ಥಮಾಡಿಕೊಂಡು, ಹೊರಗೆ ನಡೆದರು. ಕ್ಯಾಸರೋಲ್ ಮೇಜಿನ ಮೇಲೆ ಉಳಿಯಿತು. ವಿಲ್ಮಾ ತರಕಾರಿ ತೋಟದಿಂದ ಒಳಗೆ ಬಂದು, “ಯಾರು ಸತ್ರು?” ಎಂದಳು.

“ನೀನೇ ಹೇಳು,” ಎಂದ ಹಾರ್ಲನ್. ಟೋಪಿ ಹಾಕಿಕೊಂಡು, ಅಂಗಳ ದಾಟಿ, ಬೇಲಿಯ ಸಂದಿಯಿಂದ ನುಸುಳಿ, ರಾಯ್ಸ್‌ನ ವರಾಂಡ ಹತ್ತಿದ.

ರಾಯ್ಸ್ ತೂಗುಮಂಚದ ಮೇಲೆ ಕೂತು ಕೇಕು ತಿನ್ನುತ್ತಿದ್ದ. ಆ್ಯಪಲ್ ಕೇಕು. ಪದರ ಪದರವಾಗಿ, ವಿಲ್ಮಾ ಮಾಡುವ ಹಾಗೆಯೇ. ಗಾಳಿ ಅವನ ಕೂದಲನ್ನು ಹಿಂದಕ್ಕೆ ಬಾಚುತ್ತಿತ್ತು. ಅಂಥ ಕೆಲಸಕ್ಕೂ ಗಾಳಿಗೆ ಪುರುಸೊತ್ತಿರುವುದು ಹಾರ್ಲನ್‌ಗೆ ಸರಿಬರಲಿಲ್ಲ. ಅವನು ಜೇಬಿನಿಂದ ಆ ಒಂಬತ್ತನ್ನು ತೆಗೆದು ಕೇಕಿನ ತಟ್ಟೆಯ ಪಕ್ಕ ಇಟ್ಟ.

“ನಿನ್ನದಾ?”

ರಾಯ್ಸ್ ಎತ್ತಿ, ತಿರುಗಿಸಿ, ಗೊದಮೊಟ್ಟೆಯನ್ನು ನೋಡಿದ. “ನನ್ನದೇ.”

“ನನ್ನ ಹೆಂಡತಿ ಬಟ್ಟೇಲಿ ಸಿಕ್ತು.”

ರಾಯ್ಸ್ ತಲೆ ಎತ್ತಿ ವಿಲ್ಮಾಳ ಅಡುಗೆಮನೆಯ ಕಿಟಕಿಯ ಕಡೆ ನೋಡಿದ. ಅವನ ಮುಖದಲ್ಲಿ ಮಾತು ಕೊಟ್ಟವನೊಬ್ಬನ ಪೇಚಾಟ ಕಾಣಿಸಿತು. ಹಾರ್ಲನ್ ಅದನ್ನು ಅಪರಾಧಿಯ ಪೇಚಾಟವೆಂದು ಓದಿಕೊಂಡ.

“ನಾನೇನೂ ಹೇಳೋ ಹಾಗಿಲ್ಲ ಮಾರಾಯ. ಮಾತು ಕೊಟ್ಟಿದೀನಿ. ಶನಿವಾರ ಪಂದ್ಯಕ್ಕೆ ಬರ್ತೀಯಲ್ಲ? ಅಲ್ಲೇ ಎಲ್ಲ ಇತ್ಯರ್ಥ ಆಗುತ್ತೆ.”

“ಎಲ್ಲರ ಮುಂದೆ?”

“ಅವಳಿಗೆ ಹಾಗೇ ಬೇಕಂತೆ.”

ಮನೆಗೆ ಮರಳುವಾಗ ಹಾರ್ಲನ್‌ಗೆ ಬೇಲಿಯ ಸಂದಿ ಮೊದಲಿಗಿಂತ ಕಿರಿದಾಗಿತ್ತು. ಅಂದರೆ ಪಂದ್ಯದ ಕಣದಲ್ಲಿ, ಊರ ಮುಂದೆ, ಇಬ್ಬರು ಗಂಡಸರಲ್ಲಿ ಯಾರು ಎಂಬುದನ್ನು ಅವಳು ಆರಿಸಿಕೊಳ್ಳುತ್ತಾಳೆ. ಸೋತರೆ ಹೆಂಡತಿಯೂ ಹೋದಳು, ನಲವತ್ತೈದರ ಮಾನವೂ ಹೋಯಿತು. ಶುಕ್ರವಾರವಿಡೀ ಅವನು ಮಣಿಕಟ್ಟನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಕೂತ. ವಿಲ್ಮಾ ಎರಡು ಸಲ ನೀರು ಬದಲಿಸಿದಳು. ಆ ದಯೆಯೂ ಅವನಿಗೆ ಬೀಳ್ಕೊಡುಗೆಯ ಹಾಗೆ ಕಂಡಿತು.

ಶನಿವಾರದ ಪಂದ್ಯ ಬೌಲಿಂಗ್ ಪಿನ್ನುಗಳದು, ಚೆಂಡುರುಳಿಸಿ ಬೀಳಿಸುವ ಆಟದ ಬಾಟಲಿಯಾಕಾರದ ಮರದ ಗೂಟಗಳದು. ಉದ್ದ ಮೇಜಿನ ಮೇಲೆ ಐದು ಪಿನ್ನು ಸಾಲಾಗಿ ನಿಲ್ಲಿಸುತ್ತಾರೆ. ಬೀಳಿಸಿದರೆ ಸಾಲದು, ಮೇಜಿನ ಹಿಂದಿನ ಅಂಚಿನಿಂದ ಆಚೆ ನೆಲಕ್ಕೆ ಕೆಡವಬೇಕು. ಬೇಗ ಕೆಡವಿದವರಿಗೆ ಬಹುಮಾನ, ಉಪ್ಪು ಹಾಕಿ ಹೊಗೆಯಲ್ಲಿ ತೂಗುಹಾಕಿದ ಇಡೀ ಹಂದಿತೊಡೆ, ಹ್ಯಾಮು. ನಲವತ್ತೈದಿನವರಿಗೆ ಪಿನ್ನುಗಳನ್ನು ಮೇಜಿನ ಮುಂದಿನ ಅಂಚಿನ ಬಳಿ ಇಡುತ್ತಾರೆ. ಆ ಭಾರದ ಗುಂಡು ಅವನ್ನು ಅಷ್ಟು ದೂರ ತಳ್ಳಿಕೊಂಡು ಹೋಗಬಲ್ಲದು. ಒಂಬತ್ತಿನವರಿಗೆ ಹಿಂದಿನ ಅಂಚಿನ ಬಳಿಯೇ ಇಡುತ್ತಾರೆ, ಕನಿಕರದಿಂದ. ಈ ಕನಿಕರದ ಬಗ್ಗೆ ಹಾರ್ಲನ್ ಪ್ರತಿ ಪಂದ್ಯದಲ್ಲೂ ಮಾತಾಡಿದ್ದ. “ಹಿಂದಿನ ಅಂಚಿನ ಪಿನ್ನು ಬೀಳಿಸೋಕೆ ಗುಂಡು ಯಾಕೆ, ಜೋರಾಗಿ ಕೆಮ್ಮಿದ್ರೆ ಸಾಕು” ಎಂಬುದು ಅವನ ಪ್ರಸಿದ್ಧ ಮಾತು.

ಆ ಶನಿವಾರ ಎಂದಿಲ್ಲದ ಜನ. ಹಾರ್ಲನ್‌ನ ಹೊಸ ಒಂಬತ್ತನ್ನು ನೋಡಲು ಎಲ್ಲರೂ ಬಂದಿದ್ದರು. ಮೇವಿಸ್ ಅಂಗಡಿಗೆ ಬೀಗ ಹಾಕಿ ಬಂದಿದ್ದಳು. ಹಾರ್ಲನ್ ಸರದಿಗೆ ಬಂದು, ಅಪ್ಪನ ನಲವತ್ತೈದನ್ನೇ ತೆಗೆದಾಗ ಜನರ ನಡುವೆ ಒಂದು ನಿರಾಶೆಯ ಗುಸುಗುಸು ಹರಿಯಿತು.

“ಇನ್ನೂ ನಾಚ್ಕೋತಿದಾನೆ,” ಎಂದಳು ಮೇವಿಸ್.

“ಅವಸರ ಮಾಡಬಾರದು,” ಎಂದರು ಬ್ರದರ್ ಎಲ್ಬರ್ಟ್.

ಡಾರೆಲ್ ಕೆಂಪು ಟೋಪಿ ಸರಿಪಡಿಸಿಕೊಂಡು, ಎಲ್ಲರೂ ಕಿವಿ ಮುಚ್ಚಿಕೊಂಡದ್ದನ್ನು ಖಚಿತಪಡಿಸಿಕೊಂಡು, ಗಡಿಯಾರ ಒತ್ತಿದ. ಹೊಟ್ಟೆಕಿಚ್ಚಿನಷ್ಟು ಗುರಿಯನ್ನು ಚೂಪುಗೊಳಿಸುವುದು ಬೇರೊಂದಿಲ್ಲ. ಹಾರ್ಲನ್‌ಗೆ ಐದೂ ಪಿನ್ನುಗಳ ಮೇಲೆ ಕೂದಲು ಕಂಡಿತು. ಪಿಸ್ತೂಲು ಐದು ಸಲ ಗುಡುಗಿತು, ಐದು ಪಿನ್ನುಗಳೂ ಮೇಜಿನ ಉದ್ದಕ್ಕೆ ಜಾರಿ ಆಚೆ ಬಿದ್ದವು. ಹತ್ತು ವರ್ಷದಲ್ಲಿ ಅವನು ಹಾಗೆ ಹಾರಿಸಿರಲಿಲ್ಲ. ಅವನ ಸಮಯ ಅದುವರೆಗಿನ ಎಲ್ಲರಿಗಿಂತ ಕಡಿಮೆ ಇತ್ತು. ಮಣಿಕಟ್ಟು ಹೊತ್ತಿ ಉರಿಯುತ್ತಿತ್ತು. ಅವನು ರಾಯ್ಸ್‌ನ ಕಡೆ ತಿರುಗಿ ಗಲ್ಲ ಎತ್ತಿದ. ಈಗ ಬಾ.

ರಾಯ್ಸ್ ಬೆಂಚಿನಿಂದ ಏಳಲಿಲ್ಲ. ಬದಲಿಗೆ ತನ್ನ ಪಿಸ್ತೂಲಿನ ಪೆಟ್ಟಿಗೆಯನ್ನು ಪಕ್ಕದಲ್ಲಿದ್ದವರ ಕೈಗೆ ಕೊಟ್ಟ.

“ಕೊನೇ ಹೆಸರು,” ಎಂದು ಡಾರೆಲ್ ಗಂಟಲು ಸರಿಮಾಡಿಕೊಂಡ. “ವಿಲ್ಮಾ ಪ್ರೂಯಿಟ್. ಒಂಬತ್ತು.”

ವಿಲ್ಮಾ ನೀಲಿ ಸ್ವೆಟರಿನ ತೋಳು ಮಡಿಚಿಕೊಂಡು ಬಂದು ನಿಂತಳು. ಏನು ನಡೆಯುತ್ತಿದೆಯೆಂದು ಹಾರ್ಲನ್‌ನ ತಲೆಗೆ ಹೊಳೆಯುವ ಮೊದಲೇ ಐದು ಪಿನ್ನುಗಳು ಟಕ ಟಕ ಟಕ ಎಂದು, ಮಗ್ಗದ ಮೇಲೆ ಲಾಳಿ ಓಡಿದಂತೆ, ಹಿಂದಿನ ಅಂಚಿನಿಂದ ಮಾಯವಾದವು. ಡಾರೆಲ್ ಗಡಿಯಾರ ನೋಡಿದ, ಭಾವನನ್ನು ನೋಡಿದ, ಮತ್ತೆ ಗಡಿಯಾರ ನೋಡಿದ.

“ಅಕ್ಕಂಗೆ ಹ್ಯಾಮು,” ಎಂದ ಮೆಲ್ಲಗೆ.

ಹಾರ್ಲನ್‌ನ ಎದೆಯಲ್ಲಿ ಒಂದು ಗಂಟು ಬಿಚ್ಚಿಕೊಳ್ಳುತ್ತಿತ್ತು: ಮಂಗಳವಾರಗಳು, ಸ್ವೆಟರು, ಗೊದಮೊಟ್ಟೆ, ಕೇಕು. ಕೇಕು ಗುರುದಕ್ಷಿಣೆ. ಅವನು ಸಂತೋಷಪಡಬೇಕಾಗಿತ್ತು. ಆದರೆ ಬಾಯಿಗೆ ಹಳೆಯ ಅಭ್ಯಾಸ.

“ಹಿಂದಿನ ಅಂಚಿನ ಪಿನ್ನು,” ಎಂದುಬಿಟ್ಟ. “ಜೋರಾಗಿ ಕೆಮ್ಮಿದ್ರೆ...”

ವಿಲ್ಮಾ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಅವನತ್ತ ನಡೆದು ಬಂದಳು. “ಡಾರೆಲ್, ಒಂದು ಪಿನ್ನು ಇಡು. ಮುಂದಿನ ಅಂಚಿಗೆ.” ಆಮೇಲೆ ಗಂಡನ ಮುಂದೆ ಕೈ ಚಾಚಿದಳು. “ಕೊಡು ಅವಳನ್ನ.”

“ಯಾರನ್ನ?”

“ಗೊತ್ತು ನಿನಗೆ.”

ಮದುವೆಯಾದ ವರ್ಷದ ಆ ಒಂದು ಸಲ ಬಿಟ್ಟರೆ ಆ ಪಿಸ್ತೂಲನ್ನು ಹಾರ್ಲನ್ ಯಾರ ಕೈಗೂ ಕೊಟ್ಟಿರಲಿಲ್ಲ. ಕೊಟ್ಟ. ಒಂದು ತೋಟಾ ತುಂಬಿಕೊಂಡು, ಅವಳು ಎರಡು ಕೈಯಲ್ಲೂ ಹಿಡಿದು, ಉಸಿರು ಬಿಟ್ಟು, ಹಾರಿಸಿದಳು. ಪಿನ್ನು ಮೇಜಿನ ಉದ್ದವನ್ನೆಲ್ಲ ದಾಟಿ, ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಡೆದುಕೊಂಡಿತು. ವಿಲ್ಮಾ ಪಿಸ್ತೂಲನ್ನು ಕೆಳಗಿಳಿಸಿ, ಅತ್ತಿತ್ತ ತಿರುಗಿಸಿ, ಎದುರು ಮನೆಗೆ ಬಂದ ಹೊಸ ಸೊಸೆಯನ್ನು ನೋಡುವವಳ ಹಾಗೆ ನೋಡಿದಳು.

“ಇಷ್ಟೇನಾ ಇವಳು?” ಎಂದಳು. “ಇಷ್ಟಕ್ಕೇ ಪ್ರತಿ ಶನಿವಾರ ನನ್ನ ಅಡುಗೆಮನೇಲಿ ಕೂತು ಅಷ್ಟು ಮಾತಾಡ್ತಿದ್ದೆಯಾ?”

ಅಷ್ಟರಲ್ಲಿ ಅವಳ ಬಲಗೈಯಿಂದ ಒಂದು ಹನಿ ಹುಲ್ಲಿಗೆ ಬಿತ್ತು. ಸುತ್ತಿಗೆ ಹಳೆಯ ಜಾಗವನ್ನೇ ಹುಡುಕಿ ಕಚ್ಚಿತ್ತು. ಪಿಸ್ತೂಲಿನ ಹಿಡಿಯ ಮೇಲೂ ರಕ್ತ ಹರಿದಿತ್ತು.

“ಮತ್ತೆ ಕಚ್ತು,” ಎಂದ ಹಾರ್ಲನ್.

“ಹೂಂ. ಆವತ್ತೂ ಕಚ್ಚಿತ್ತು. ಆವತ್ತು ನೀನೇನು ಮಾಡ್ದೆ, ನೆನಪಿದೆಯಾ?”

ಹಾರ್ಲನ್‌ಗೆ ಅವಳ ಕೈ ನೆನಪಿತ್ತು, ಗಾಯ ನೆನಪಿತ್ತು, ಅದನ್ನು ಅಂಗಡಿಯಲ್ಲಿ ಹೇಳಿದ್ದು ನೆನಪಿತ್ತು.

“ಮೊದಲು ಪಿಸ್ತೂಲು ಒರೆಸ್ದೆ,” ಎಂದಳು ವಿಲ್ಮಾ. “ರಕ್ತ ಬಿದ್ರೆ ತುಕ್ಕು ಹಿಡಿಯುತ್ತೆ ಅಂದೆ. ಆಮೇಲೆ ನನ್ನ ಕಡೆ ತಿರುಗ್ದೆ.”

ಬೆಂಚಿನ ಮೇಲಿದ್ದ ನಲವತ್ತೈದಿನವರು ತಂತಮ್ಮ ಬೂಟುಗಳನ್ನು ನೋಡಿಕೊಂಡರು. ಅವರಲ್ಲಿ ಯಾರೂ ಹಾಗೆ ಮಾಡದೆ ಇರುತ್ತಿರಲಿಲ್ಲ ಎಂಬುದು ಅವರವರಿಗೇ ತಿಳಿದಿತ್ತು. ಹಾರ್ಲನ್ ಹಿಂಜೇಬಿಗೆ ಕೈ ಹಾಕಿ ಫ್ಲಾನೆಲ್ ಬಟ್ಟೆಯನ್ನು ಎಳೆದ. ಇಡೀ ಬ್ರಷ್ ಕ್ರೀಕ್ ಆ ಬಟ್ಟೆಯನ್ನೇ ನೋಡುತ್ತಿತ್ತು. ರಕ್ತದ ಹನಿ ಅಪ್ಪನ ಪಿಸ್ತೂಲಿನ ಮೇಲೆ ಒಣಗುತ್ತಿತ್ತು; ಅವನ ಕಣ್ಣು ಒಮ್ಮೆ ಅತ್ತ ಹೋಯಿತೆಂಬುದನ್ನು ಮುಚ್ಚಿಡಲಾಗದು. ಆದರೆ ಕೈ ಹೋಗಲಿಲ್ಲ. ಪಿಸ್ತೂಲನ್ನು ಅವಳಿಂದ ತೆಗೆದುಕೊಂಡು, ಹಾಗೆಯೇ, ಒರೆಸದೆ, ಡಾರೆಲ್‌ನ ಕೈಗೆ ದಾಟಿಸಿ, ಹೆಂಡತಿಯ ಅಂಗೈಯನ್ನು ಹಿಡಿದು ಆ ಬಟ್ಟೆಯನ್ನು ಸುತ್ತತೊಡಗಿದ.

“ಅದು ಎಣ್ಣೆ ಬಟ್ಟೆ ಕಣೋ.”

“ಇರಲಿ. ತುಕ್ಕು ಹಿಡಿಯಲ್ಲ.”

ಅವಳು ನಗು ತಡೆಯಲು ತುಟಿ ಕಚ್ಚಿದಳು. ಆಮೇಲೆ ತಡೆಯಲಿಲ್ಲ.

“ನಾನು ಏನೇನೋ ಅಂದ್ಕೊಂಡಿದ್ದೆ,” ಎಂದ ಹಾರ್ಲನ್ ಗಂಟು ಹಾಕುತ್ತ. “ರಾಯ್ಸ್ ವಿಷಯ.”

“ಗೊತ್ತು. ರಾಯ್ಸ್ ಬಂದು ಹೇಳ್ದ. ನಂಗೆ ತುಂಬ ಚೆನ್ನಾಗಿತ್ತು,” ಎಂದಳು ವಿಲ್ಮಾ. “ನನ್ನ ವಿಷಯಕ್ಕೆ ನೀನು ಹೊಟ್ಟೆ ಉರ್ಕೊಂಡು ಎಷ್ಟು ಕಾಲ ಆಗಿತ್ತು. ಇನ್ನೆರಡು ದಿನ ಇರಲಿ ಅಂತ ಬಿಟ್ಟೆ.”

ಆ ಸಂಜೆ ಹ್ಯಾಮು ಅಡುಗೆಮನೆಯ ಕೊಕ್ಕೆಯಲ್ಲಿ ತೂಗುತ್ತಿತ್ತು. ಮೇಜಿನ ಮೇಲೆ ದಿನಪತ್ರಿಕೆ ಹಾಸಿ ಹಾರ್ಲನ್ ಕೂತಿದ್ದ. ಗಾಯವಾದ ಕೈಯಿಂದ ವಿಲ್ಮಾ ಏನನ್ನೂ ಒರೆಸುವಂತಿರಲಿಲ್ಲ, ಎರವಲು ತಂದ ಪಿಸ್ತೂಲನ್ನು ಕೊಳಕಾಗಿ ಹಿಂದಿರುಗಿಸುವುದು ಆ ಊರಿನಲ್ಲಿ ನಡೆಯುವಂಥದ್ದಲ್ಲ. ಆದ್ದರಿಂದ ಮೊದಲು ನಲವತ್ತೈದನ್ನು ಪಕ್ಕಕ್ಕಿಟ್ಟು, ರಾಯ್ಸ್‌ನ ಒಂಬತ್ತನ್ನು ಕೈಗೆತ್ತಿ, ಹೊಸ ಬಟ್ಟೆಯೊಂದರಲ್ಲಿ ಒರೆಸತೊಡಗಿದ್ದ.

ಒರೆಸಿದ. ತಿರುಗಿಸಿ ಒರೆಸಿದ. ಮುಚ್ಚಿ, ಗೋಡೆಯ ಕ್ಯಾಲೆಂಡರಿನತ್ತ ಒಮ್ಮೆ ಗುರಿಯಿಟ್ಟು ನೋಡಿ, ಮತ್ತೆ ಬಿಚ್ಚಿ ಒರೆಸಿದ. ಮಣಿಕಟ್ಟು ಏನೂ ಅನ್ನಲಿಲ್ಲ.

ವಿಲ್ಮಾ ಒಲೆಯ ಬಳಿಯಿಂದ, ಈ ಸಲ ಬೆನ್ನು ತಿರುಗಿಸದೆ, ಅವನನ್ನೇ ನೋಡುತ್ತಿದ್ದಳು.

“ಹಿಟ್ಟಿನ ಡಬ್ಬಿ ಹಿಂದೆ ಒಂದು ಪೆಟ್ಟಿಗೆ ಸಿಕ್ತು,” ಎಂದಳು.

“ಅದು ಮೇವಿಸ್ ಕೊಟ್ಟಿದ್ದು.”

“ಹೂಂ. ನಿನ್ನ ಕೈಲಿರೋದು ನಾಳೆ ರಾಯ್ಸ್‌ಗೆ ವಾಪಸ್ ಹೋಗುತ್ತೆ ಹಾರ್ಲನ್.”

“ಗೊತ್ತು.” ಅವನು ಒಂಬತ್ತನ್ನು ಬೆಳಕಿಗೆ ಹಿಡಿದು, ತನ್ನಷ್ಟಕ್ಕೆ ಏನೋ ಗೊಣಗಿದ. “ಎಷ್ಟು ಹಗುರ ಇದೆ ನೋಡು ಇವಳು.”

ಸೌಟು ಪಾತ್ರೆಯಲ್ಲಿ ನಿಂತಿತು.

“ಹಾರ್ಲನ್.”

“ಏನು?”

“ಕೆಳಗಿಡು ಅವಳನ್ನ.”